ಪ್ರಭವ ಸಂವತ್ಸರದ ಪಂಚಾಂಗ

ತಾನು ಯಾವ ದೇಶದವನು ಎಂಬ ಪ್ರಶ್ನೆ ದೇವಾನಂದನಿಗೆ ಮೂವತ್ತೆಂಟು ವರ್ಷ ಬಂದಿರಲೇ ಇಲ್ಲ. ಕಡೆಗೂ ಬಂದದ್ದು ನಾಲಿ ನೀರಿನ ದೆಸೆಯಿಂದ.

ಕಮಲಾಪುರದಲ್ಲಿ ಅವನ ಮನೆಗೂ ಪಕ್ಕದ ಅಣವೀರಪ್ಪನ ಮನೆಗೂ ನಡುವೆ ಒಂದು ನಾಲಿ, ಸಣ್ಣ ಚರಂಡಿ. ಮಳೆ ಜೋರಾದರೆ ಅದರ ನೀರು ಇಬ್ಬರಲ್ಲಿ ಒಬ್ಬರ ಅಂಗಳಕ್ಕೆ ನುಗ್ಗಲೇಬೇಕು. ಯಾರ ಅಂಗಳಕ್ಕೆ ಎಂಬುದು ಆ ವರ್ಷ ನಾಲಿಯೊಳಗೆ ಕಲ್ಲು ಅಡ್ಡ ಇಟ್ಟವರು ಯಾರು ಎಂಬುದರ ಮೇಲೆ. ಈ ವರ್ಷ ಇಟ್ಟವನು ದೇವಾನಂದ. ಅಣವೀರಪ್ಪನ ಎರಡು ಚೀಲ ಜೋಳ ತೊಯ್ದವು, ಮಾತಿಗೆ ಮಾತು ಬೆಳೆಯಿತು, ಕಡೆಗೆ ಅರವತ್ತು ದಾಟಿದ ಆ ಮನುಷ್ಯ ಹೆಗಲ ಮೇಲಿನ ಟವೆಲ್ ಝಾಡಿಸಿ, "ನೇಪಾಳದಿಂದ ಬಂದಾಂವ ನನಗ ನಾಲಿ ಕಲಿಸ್ತೀ ಏನ್?" ಎಂದ. ಓಣಿಯವರು ನಕ್ಕರು. ದೇವಾನಂದನೂ ನಕ್ಕ.

ನೇಪಾಳದಿಂದ ಬಂದವನು ಅವನಲ್ಲ, ಅವನ ಅಪ್ಪ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಕೋಲು ಬಡಿಯುತ್ತ, ಸೀಟಿ ಊದುತ್ತ ಮೂವತ್ತು ವರ್ಷ ಕಾವಲು ಕಾದ ಗೂರ್ಖಾ ಮಾನಬಹಾದೂರ. ಮಗನಿಗೆ ಅಪ್ಪನಿಂದ ಬಂದದ್ದು ಸಣ್ಣ ಕಣ್ಣು, ಚಪ್ಪಟೆ ಮೂಗು, ಅಷ್ಟೇ. ನಾಲಿಗೆ ಅಪ್ಪಟ ಕಲಬುರಗಿಯದು. ಕಮಲಾಪುರದ ಗುರುದೇವಿಯನ್ನು ಮದುವೆಯಾಗಿ, ಅವಳ ಊರಿಗೇ ಬಂದು ನೆಲೆಸಿ ಹದಿನಾಲ್ಕು ವರ್ಷವಾಗಿತ್ತು. ತನ್ನದೇ ಟಂಟಂ ಗಾಡಿಯಲ್ಲಿ ಕೆಂಪು ಬಾಳೆಗೊನೆ ಹೇರಿಕೊಂಡು ದಿನಾ ಕಲಬುರಗಿಯ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದ.

ಜಗಳವಾಗಿ ಮೂರು ವಾರಕ್ಕೆ ನೋಟಿಸು ಬಂತು. ಆಗ ಮತದಾರರ ಪಟ್ಟಿ ತಿದ್ದುವ ಕೆಲಸ ನಡೆದಿತ್ತು. 'ಸದರಿಯವರು ನೇಪಾಳ ದೇಶದವರೆಂದು ಆಕ್ಷೇಪಣೆ ಬಂದಿರುತ್ತದೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಹೆಸರು ತೆಗೆಯಲಾಗುವುದು.' ಆಕ್ಷೇಪಣೆ ಕೊಟ್ಟವರ ಹೆಸರು ಅಣವೀರಪ್ಪ. ಗುರುದೇವಿ ಎರಡು ಸಲ ಓದಿ, ರೊಟ್ಟಿ ಬಡಿಯುವುದನ್ನು ಅಲ್ಲಿಗೇ ಬಿಟ್ಟು ಎದ್ದು ನಿಂತಳು.

"ಆ ಕಲ್ಲು ತಗೀರಿ ಅಂತ ನಾ ಹೇಳಿಲ್ಲೇನು? ಹೇಳಿಲ್ಲೇನು ಖರೇ ಹೇಳ್ರಿ."

"ಹೇಳಿದ್ದಿ ಮಾರಾಯ್ತಿ."

"ಈಗ ಏನ್ ಮಾಡೋರು? ಇವತ್ತು ಲಿಸ್ಟಿನಾಗಿಂದ ಹೆಸರು ತಗೀತಾರ. ನಾಳಿ ಊರಾಗಿಂದನೇ ತಗದ್ರ?"

ದೇವಾನಂದ ನೋಟಿಸು ಮಡಚಿ ಜೇಬಿಗಿಟ್ಟು ಎದ್ದ. ತಾಲ್ಲೂಕು ಕಚೇರಿಯ ಎದುರು ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದ ತನ್ವೀರನ ಬಳಿ ಹೋದ. ಹಳೇ ದೋಸ್ತ. ತನ್ವೀರ್ ನೋಟಿಸು ಓದಿ, ಕನ್ನಡಕ ತೆಗೆದಿಟ್ಟು, ನಿಧಾನವಾಗಿ ಬಿಡಿಸಿ ಹೇಳಿದ.

"ನೋಡು ಭೈಯ್ಯಾ. ಎಂಬತ್ತೇಳನೇ ಇಸವಿ ಜುಲೈ ಒಂದಕ್ಕಿಂತ ಮೊದಲು ಈ ದೇಶದಾಗ ಹುಟ್ಟಿದ್ರ ಅಪ್ಪ-ಅವ್ವ ಎಲ್ಲಿಯವರು ಅಂತ ನೋಡಂಗಿಲ್ಲ. ನೀ ಇಂಡಿಯಾದಾಂವ, ಬಾತ್ ಖತಮ್. ಆ ತಾರೀಕಿನಿಂದ ಈಚೀಕಡಿ ಹುಟ್ಟಿದ್ರ ಇಬ್ಬರೊಳಗ ಒಬ್ಬರಾದ್ರೂ ಇಲ್ಲಿಯವರು ಇರಬೇಕು."

"ಅಪ್ಪನೂ ನೇಪಾಳದಾಂವ, ಅವ್ವನೂ ನೇಪಾಳದಾಕಿ."

"ಶಾಲಿ ಸರ್ಟಿಫಿಕೇಟಿನಾಗ ನಿನ್ನ ತಾರೀಕು ಏನದ?"

ದೇವಾನಂದ ಚೀಲದಿಂದ ತೆಗೆದು ಕೊಟ್ಟ. ಒಂದು, ಆರು, ಎಂಬತ್ತೆಂಟು.

"ಹನ್ನೊಂದು ತಿಂಗಳು ಲೇಟಾಗಿ ಹುಟ್ಟೀಯಲ್ಲೋ" ಎಂದ ತನ್ವೀರ್. ನಗಿಸಲೆಂದೇ ಹೇಳಿದ್ದು, ಇಬ್ಬರಿಗೂ ನಗು ಬರಲಿಲ್ಲ.

ಆ ಜೂನ್ ಒಂದು ಹೆಡ್‌ಮಾಸ್ತರರ ತಾರೀಕು. ಶಾಲೆಗೆ ಸೇರಿಸಲು ಮಕ್ಕಳನ್ನು ಕರೆತಂದವರಿಗೆ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳುವ ಪುರುಸೊತ್ತು ಮಾಸ್ತರರಿಗೆ ಇರುತ್ತಿರಲಿಲ್ಲ. ಆರು ವರ್ಷ ಹಿಂದಕ್ಕೆ ಎಣಿಸಿ ಇಡೀ ತರಗತಿಗೆ ಒಂದೇ ತಾರೀಕು ಬರೆದು ಕೈ ತೊಳೆದುಕೊಂಡಿದ್ದರು. ದೇವಾನಂದನ ತರಗತಿಯಲ್ಲಿ ನಲವತ್ತೊಂದು ಹುಡುಗರು ಒಂದೇ ದಿನ ಹುಟ್ಟಿದ್ದರು. ಅವನು ಶಾಲೆಗೆ ಸೇರಿದ್ದೇ ಒಂದು ವರ್ಷ ತಡವಾಗಿ, ಅವ್ವ ತೀರಿಕೊಂಡಿದ್ದಳು ಅಂತ.

"ಖರೇ ತಾರೀಕು ಯಾವುದು?"

"ಅಪ್ಪನ್ನ ಕೇಳಿದ್ರ, ಅಮಾಸಿ ದಿನ ಹುಟ್ಟೀದಿ, ಖೂಬಾ ಪ್ಲಾಟಿನ ಮನಿ ಮಾಲಕರ ಬಾಯಾರಿಗೆ ಗೊತ್ತದ ಅಂತಿದ್ದ. ಅಪ್ಪ ಹೋಗಿ ಎಂಟು ವರ್ಷ ಆತು."

"ಬಾಯಾರು ಇದ್ದಾರಿಲ್ಲೊ?"

"ಇದ್ದಾರ. ಗಟ್ಟಿ ಇದ್ದಾರ."

"ಹಂಗಾದ್ರ ಇಲ್ಲಿ ಯಾಕ ಕುಂತೀ? ಹೋಗು. ಪಾಲಿಕೆಯ ಹಳೇ ರಿಜಿಸ್ಟರಿನಾಗ ಇರಬೇಕು ಅದು. ತಾರೀಕು ಗೊತ್ತಿಲ್ಲದ ಹುಡುಕಾಕ ಆಗಂಗಿಲ್ಲ."

ಅದೂ ನಿಜವೇ. ಹಿಂದೆ ಒಮ್ಮೆ ಎಂಬತ್ತೆಂಟರ ರಿಜಿಸ್ಟರನ್ನು ಹುಡುಕಿಸಿ ಬರಿಗೈಯಲ್ಲಿ ಬಂದಿದ್ದ.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಹದಿನೈದು ವರ್ಷದವನಿದ್ದಾಗ ಅಪ್ಪ ಒಮ್ಮೆ ತನ್ನ ಊರಿಗೆ ಕರೆದೊಯ್ದಿದ್ದ. ರೈಲು, ಬಸ್ಸು, ಆಮೇಲೆ ಒಂದು ದಿನ ನಡಿಗೆ. ಅಲ್ಲಿ ಎಲ್ಲರಿಗೂ ಅವನದೇ ಕಣ್ಣು, ಅವನದೇ ಮೂಗು. ಆದರೆ ಒಬ್ಬರ ಮಾತೂ ತಿಳಿಯದು. ಚಿಕ್ಕಪ್ಪನ ಮಕ್ಕಳು ಅವನನ್ನು ಮದ್ರಾಸಿ ಎಂದು ಕರೆದು ನಗುತ್ತಿದ್ದರು. ಹನ್ನೆರಡು ದಿನ ಅನ್ನ ತಿಂದು ತಿಂದು, ಹದಿಮೂರನೆಯ ದಿನ ರೊಟ್ಟಿ ಬೇಕೆಂದು ಅತ್ತಿದ್ದ. ವಾಪಸು ಬರುವಾಗ ಸೊಲ್ಲಾಪುರ ದಾಟಿ, ರೈಲಿನಲ್ಲಿ ಯಾರೋ "ಸರೀರಿ, ಜರಾ ಜಾಗಾ ಕೊಡ್ರಿ" ಎಂದು ಜಬರಿಸಿದಾಗ ಅವನಿಗೆ ಮೈಯಲ್ಲಿ ಜೀವ ಬಂದಿತ್ತು. ಅಲ್ಲಿ ಮದ್ರಾಸಿ, ಇಲ್ಲಿ ನೇಪಾಳಿ ಅಂದರೆ ಮನುಷ್ಯ ನಿಲ್ಲುವುದಾದರೂ ಎಲ್ಲಿ? ಜೂನ್ ಮೂವತ್ತಕ್ಕೆ ಹುಟ್ಟಿದರೆ ಈ ನೆಲದವನು, ಒಂದು ರಾತ್ರಿ ತಡೆದು ಹುಟ್ಟಿದರೆ ಅಲ್ಲವಂತೆ. ಈ ಲೆಕ್ಕ ಹೊಟ್ಟೆಯೊಳಗಿನ ಕೂಸಿಗೆ ಯಾರು ಹೇಳಬೇಕಿತ್ತು ಎಂದು ಅವನಿಗೆ ಸಿಟ್ಟೇ ಬಂತು.

ಮರುದಿನ ಗುರುವಾರ. ಬಾಳೆಗೊನೆ ಇಳಿಸಿ, ಟಂಟಂ ಸೀದಾ ಖೂಬಾ ಪ್ಲಾಟಿಗೆ ತಿರುಗಿಸಿದ.

ನರಸಿಂಹಾಚಾರ್ಯರ ಮನೆ ಅದು. ಆಚಾರ್ಯರು ಪೂಜೆ-ಪೌರೋಹಿತ್ಯ ಮಾಡಿಕೊಂಡಿದ್ದವರು, ಈಗಿಲ್ಲ. ಅವರ ಹೆಂಡತಿ ತುಂಗಾಬಾಯಿಗೆ ಎಂಬತ್ತೈದು. ಮಗ ಸುಮಧ್ವ ಬ್ಯಾಂಕಿನಲ್ಲಿ, ಸೊಸೆ ಪದ್ಮಜಾ ಕಾಲೇಜಿನಲ್ಲಿ. ಈ ಮನೆಯ ಹಿತ್ತಲ ಖೋಲಿಯಲ್ಲೇ ಮಾನಬಹಾದೂರನ ಸಂಸಾರ ಇದ್ದದ್ದು, ದೇವಾನಂದ ಹುಟ್ಟಿದ್ದು. ತುಂಗಾಬಾಯಿ ಪಡಸಾಲೆಯಲ್ಲಿ ಕುಳಿತು ಪುಣೆಯಲ್ಲಿರುವ ಮಗಳು ಮಂಜುಷಾಳ ಜೊತೆ ಮೊಬೈಲಿನಲ್ಲಿ ಮರಾಠಿ ಮಾತಾಡುತ್ತಿದ್ದರು. ಇವನನ್ನು ಕಂಡದ್ದೇ ಅರ್ಧ ಮಾತಿಗೆ ಕತ್ತರಿ ಹಾಕಿದರು.

"ಯಾಕೋ ದೇವಾ, ಮಾರಿ ಯಾಕ ಹಿಂಗಾಗೇದ?"

ಅವನು ನೋಟಿಸು ಓದಿ ಹೇಳಿದ. ತುಂಗಾಬಾಯಿ ಕೇಳುತ್ತ ಕೇಳುತ್ತ ನೆಟ್ಟಗೆ ಕುಳಿತರು.

"ನೀ ನೇಪಾಳದಾಂವ ಅಂತ ಯಾವ ಶಾಣ್ಯಾ ಬರದಾನ? ನಾ ಹುಟ್ಟಿದಾಗ ಇದು ನಿಜಾಮನ ರಾಜ್ಯ. ನನಗ ಎಂಟು ವರ್ಷ ಆದಾಗ ಇಂಡಿಯಾ ಆತು. ಹದಿನಾರು ಆದಾಗ ಮೈಸೂರು ಅಂದ್ರು, ಆಮ್ಯಾಲೆ ಕರ್ನಾಟಕ ಅಂದ್ರು. ನಾ ಖೂಬಾ ಪ್ಲಾಟಿಗೆ ಮದುವಿ ಆಗಿ ಬಂದದ್ದು ಬಿಟ್ರ ಎಲ್ಲೂ ಹೋಗಿಲ್ಲ. ನಂದ ಹಿಂಗಿರಬೇಕಾದ್ರ ನಿನ್ನ ಕೇಳೋರು ಇವರ್ಯಾರು?"

"ಅದು ಖರೇರಿ ಬಾಯಾರ. ಆದ್ರ ಅವರಿಗಿ ತಾರೀಕು ಬೇಕಂತ."

"ಅಮಾವಾಸ್ಯಿ ದಿನ ಹುಟ್ಟೀದಿ. ಅದು ನನಗ ಪಕ್ಕಾ ಗೊತ್ತದ. ನಿಮ್ಮವ್ವ ಬ್ಯಾನಿ ತಿಂದು ಚೀರಿದಾಗ ನಾ ಮಡೀಲೆ ಇದ್ದೆ, ಕೈಯಾಗ ಮಣ್ಣಿತ್ತು. ನರ್ಸಬಾಯಿ ಇನ್ನೂ ದಾರ್ಯಾಗ. ಮಡಿ ಅಂತ ಕೂತ್ರ ಆಗ್ತದೇನು? ಮಣ್ಣಿನ ಕೈಲೇ ಓಡಿ ಹೋಗಿ ನಿನ್ನ ಹಿಡಕೊಂಡೆ. ನಿನ್ನ ಬೆನ್ನ ಮ್ಯಾಲೆ ನನ್ನ ಐದೂ ಬೆರಳು ಮೂಡಿದ್ವು. ನಿಮ್ಮಪ್ಪ ಅಳಾಂವಾ, ನಗಾಂವಾ."

ಒಳಗಿನಿಂದ ಬಂದ ಪದ್ಮಜಾ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. "ಅತ್ಯಾ, ಕೈಯಾಗ ಮಣ್ಣು ಯಾಕಿತ್ತು?" ಎಂದು ಕೇಳಿದಳು.

"ಮಣ್ಣೆತ್ತು ಮಾಡ್ಲಿಕತ್ತಿದ್ದೆ." ತುಂಗಾಬಾಯಿ ತಟ್ಟನೆ ಹೇಳಿ, ಆಮೇಲೆ ಅನುಮಾನಿಸಿದರು. "ಅಥವಾ ನಾಗಪ್ಪನ್ನ ಮಾಡ್ಲಿಕತ್ತಿದ್ನೋ? ನಾಗರ ಅಮಾವಾಸ್ಯಿಗೂ ಮಣ್ಣಿಂದೇ ಮಾಡ್ತೀವಲಾ."

ಪದ್ಮಜಾಳ ಮುಖ ಸಣ್ಣದಾಯಿತು. ಮೊಬೈಲನ್ನು ದೇವಾನಂದನ ಮುಂದೆ ಹಿಡಿದಳು. ಶಾಲೆಗೆ ಒಂದು ವರ್ಷ ತಡವಾಗಿ ಸೇರಿದ ಲೆಕ್ಕದಂತೆ ಅವನು ಹುಟ್ಟಿದ್ದು ಎಂಬತ್ತೇಳರಲ್ಲಿ; ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಜೂನ್ ಇಪ್ಪತ್ತಾರಕ್ಕೆ. ನಾಗರ ಅಮಾವಾಸ್ಯೆ ಜುಲೈ ಇಪ್ಪತ್ತೈದಕ್ಕೆ. ನಡುವೆ ಆ ಜುಲೈ ಒಂದು.

ಎತ್ತಾದರೆ ದೇವಾನಂದ ಉಳಿದ, ನಾಗಪ್ಪನಾದರೆ ಹೋದ. "ಬಾಯಾರ, ಜರಾ ನೆನಪು ಮಾಡ್ಕೊಳ್ರಿ" ಎಂದ.

ತುಂಗಾಬಾಯಿ ತಮ್ಮ ಅಂಗೈಗಳನ್ನು ತೆರೆದು ನೋಡಿಕೊಂಡರು. "ಸುಳ್ಳು ಹೇಳಬಾರದು ದೇವಾ. ಮಣ್ಣು ನೆನಪದ. ಏನ್ ಮಾಡ್ಲಿಕತ್ತಿದ್ದೆ ಅಂಬೂದು ಇಲ್ಲ."

"ಮಾವನವರು ಪಂಚಾಂಗದಾಗ ಬರೀತಿದ್ರಲಾ" ಎಂದಳು ಪದ್ಮಜಾ.

ಹೌದು. ಆಚಾರ್ಯರಿಗೆ ಅದೊಂದು ಚಟ. ಡೈರಿ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಆ ವರ್ಷದ ಪಂಚಾಂಗದಲ್ಲಿ ಆಯಾ ತಿಥಿಯ ಪಕ್ಕದ ಖಾಲಿ ಜಾಗದಲ್ಲಿ ಮನೆಗೆ ಬಂದವರು, ಹೋದವರು, ಹಸು ಈದದ್ದು, ಎಲ್ಲವನ್ನೂ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದರು. ದೇವಾನಂದನಿಗೆ ಆ ಪಂಚಾಂಗಗಳ ಕಟ್ಟು ನೆನಪಿತ್ತು, ದೇವರ ಖೋಲಿಯ ಗೋಡೆಯ ಮಾಡದಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿಟ್ಟದ್ದು. ಅವನ ಕಣ್ಣು ತಾನಾಗಿಯೇ ಆ ಕಡೆ ಹೋಯಿತು.

ಅದೇ ಹೊತ್ತಿಗೆ ಊಟಕ್ಕೆ ಮನೆಗೆ ಬಂದ ಸುಮಧ್ವ ಚಪ್ಪಲಿ ಬಿಡುತ್ತ ಎಲ್ಲ ಕೇಳಿದ. ಕೇಳಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಹೋದ ವರ್ಷ ಗಾಣಗಾಪುರಕ್ಕ ಹೋದಾಗ ಸಂಗಮದಾಗ ಬಿಟ್ಟು ಬಂದ್ವಿ. ಹುಳಾ ಹಿಡದಿದ್ವು. ಪಂಚಾಂಗ ರದ್ದಿಗೆ ಹಾಕಬಾರದಲಾ, ಹರಿಯೋ ನೀರಿಗೇ ಬಿಡಬೇಕು. ನಾನೂ ಅತುಲನೂ ಕೂಡೇ ಬಿಟ್ವಿ."

ಅತುಲ ಅವನ ಮಗ. ದೇವಾನಂದ ಸುಮಧ್ವನ ಮುಖ ನೋಡಿದ, ಪಾಪ ಅವನೇನು ಬೇಕೆಂದು ಮಾಡಿದ್ದೇ? ಶಾಸ್ತ್ರದ ಪ್ರಕಾರವೇ ಮಾಡಿದ್ದ. ತನ್ನ ಹುಟ್ಟು ಭೀಮಾ ನದಿಯಲ್ಲಿ ತೇಲಿಹೋಗಿದೆ, ಅಷ್ಟೇ. "ಇರ್ಲಿ ಬಿಡ್ರಿ ಸುಮಧ್ವಣ್ಣ. ನಮ್ಮ ನಸೀಬ" ಎಂದು ಏಳಹೋದ.

"ಕೂಡ್ರು" ಎಂದರು ತುಂಗಾಬಾಯಿ. ಗೋಡೆ ಹಿಡಿದು ಎದ್ದರು. "ಪದ್ಮಜಾ, ನನ್ನ ಟ್ರಂಕು ತಗೀ."

ಅವರ ಮದುವೆಯ ತಗಡಿನ ಟ್ರಂಕು. ಮೇಲೆ ಹಳೆಯ ಇಳಕಲ್ ಸೀರೆ, ಅದರ ಕೆಳಗೆ ಆಚಾರ್ಯರ ಶಾಲು, ಅದಕ್ಕೂ ಕೆಳಗೆ ಒಂದು ಸಣ್ಣ ಹಳದಿ ವಸ್ತ್ರದ ಗಂಟು. ತುಂಗಾಬಾಯಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಿಚ್ಚಿದರು. ನಾಲ್ಕು ಪಂಚಾಂಗ.

"ಎಲ್ಲಾ ನೀರಿಗೆ ಬಿಡು ಅಂದೆ, ಹೌದು. ಮಕ್ಕಳ ವರ್ಷದ್ದು ಬಿಡತಾರೇನು? ಅವನ್ನ ಮೊದಲೇ ತಗದಿಟ್ಟಿದ್ದೆ." ಒಂದೊಂದೇ ಎತ್ತಿ ಹೇಳಿದರು. "ಇದು ಪ್ಲವಂಗ, ಸುಮಧ್ವ ಹುಟ್ಟಿದ ವರ್ಷ. ಇದು ಮಂಜುಷಾಂದು. ಇದು ಬಹುಧಾನ್ಯ, ನಮ್ಮ ಅತುಲಂದು." ನಾಲ್ಕನೆಯದನ್ನು ಎತ್ತಿ ದೇವಾನಂದನ ಕಡೆ ಚಾಚಿದರು. "ಇದು ಪ್ರಭವ. ನಿಂದು."

ಅವನು ಕೈ ಚಾಚಲಿಲ್ಲ. ಚಾಚಲು ಆಗಲಿಲ್ಲ. ಎಂಬತ್ತೇಳರಲ್ಲಿ ಆ ಮನೆಯಲ್ಲಿ ಬೇರೆ ಯಾರೂ ಹುಟ್ಟಿರಲಿಲ್ಲ. ಗೂರ್ಖಾನ ಮಗನ ವರ್ಷವನ್ನು ಈ ಮುದುಕಿ ತನ್ನ ಮಕ್ಕಳ ವರ್ಷದ ಜೊತೆ ಗಂಟು ಕಟ್ಟಿ ಇಟ್ಟಿದ್ದರು, ಯಾರಿಗೂ ಹೇಳದೆ.

"ಓದೋ ಸುಮಧ್ವ. ನನಗ ಕಣ್ಣು ಕಾಣಂಗಿಲ್ಲ."

ಸುಮಧ್ವ ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದ. ಚೈತ್ರ, ವೈಶಾಖ. ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಂದು ಕಡೆ ಬೆರಳಿಟ್ಟು ನಿಂತ.

"ಜ್ಯೇಷ್ಠ ಬಹುಳ ಅಮಾವಾಸ್ಯೆ, ಶುಕ್ರವಾರ, ಆರ್ದ್ರಾ ನಕ್ಷತ್ರ. ಸೂರ್ಯೋದಯಾತ್ ನಾಲ್ಕು ಘಳಿಗೆಗೆ ಹಿತ್ತಲ ಖೋಲಿಯಲ್ಲಿ ಮಾನಬಹಾದೂರನಿಗೆ ಗಂಡು. ತಾಯಿ ಮಗು ಕ್ಷೇಮ. ಎತ್ತುಗಳು ಅರ್ಧಕ್ಕೆ ನಿಂತವು. ಇವಳು ಮೂರು ಸಲ ಸ್ನಾನ ಮಾಡಿದಳು."

"ಜ್ಯೇಷ್ಠ ಅಂದ್ರ ಜೂನ್ ಇಪ್ಪತ್ತಾರು" ಎಂದಳು ಪದ್ಮಜಾ, ಮೊಬೈಲು ನೋಡಿ. "ಶುಕ್ರವಾರನೇ ಬರ್ತದ. ಐದು ದಿನ ಮೊದಲು ಹುಟ್ಟೀದಿ ದೇವಾ."

"ಎತ್ತೇ ಮಾಡ್ಲಿಕತ್ತಿದ್ದೆ" ಎಂದರು ತುಂಗಾಬಾಯಿ, ದೊಡ್ಡ ಜಗಳ ಗೆದ್ದವರ ಹಾಗೆ. "ಒಂದಕ್ಕ ಕೋಡು ಇಟ್ಟಿದ್ದೆ, ಇನ್ನೊಂದಕ್ಕ ಇಟ್ಟಿದ್ದಿಲ್ಲ. ಈಗ ನೆನಪಾತು ನೋಡು."

ದೇವಾನಂದನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ, ಅವನಪ್ಪನ ಹಾಗೇ ಎರಡೂ ಕೂಡಿ ಬಂತು.

ಪಂಚಾಂಗದ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ, ನಿಜ. ಆದರೆ ತಾರೀಕು ಸಿಕ್ಕಿತ್ತಲ್ಲ. ಶುಕ್ರವಾರ ಸುಮಧ್ವ ಅರ್ಧ ದಿನ ರಜೆ ಹಾಕಿ ತಾನೇ ಅವನನ್ನು ಪಾಲಿಕೆಗೆ ಕರೆದೊಯ್ದ. ಎಂಬತ್ತೇಳರ ದಪ್ಪ ರಿಜಿಸ್ಟರು ಧೂಳು ಕೊಡವಿಕೊಂಡು ಮೇಲೆ ಬಂತು. ಜೂನ್ ತಿಂಗಳ ಕೊನೆಯ ಹಾಳೆಗಳಲ್ಲಿ, ನರ್ಸಬಾಯಿ ಬರೆಸಿದ್ದ ಒಂದು ಸಾಲು: ಗಂಡು, ಹೆಸರಿಟ್ಟಿಲ್ಲ, ತಂದೆ ಮಾನಬಹಾದೂರ, ಖೂಬಾ ಪ್ಲಾಟ್, 26-6-1987. ಗುಮಾಸ್ತ ಮೊಹರು ಹೊಡೆದು ನಕಲು ಕೊಟ್ಟಾಗ ದೇವಾನಂದ ಅದನ್ನು ಅಂಗಿಯ ಒಳಗೆ ಎದೆಗೆ ಒತ್ತಿ ಇಟ್ಟುಕೊಂಡ. ದಾರಿಯುದ್ದಕ್ಕೂ ಹತ್ತು ಸಲ ಮುಟ್ಟಿ ನೋಡಿಕೊಂಡ.

ಸೋಮವಾರ ಕಮಲಾಪುರದ ಕಚೇರಿಯಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಗುರುದೇವಿ ಹೊಸ ಸೀರೆ ಉಟ್ಟು ಬಂದಿದ್ದಳು. ಅಣವೀರಪ್ಪ ಮೂಲೆಯಲ್ಲಿ ನಿಂತು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವಿಚಾರಣೆ ಮಾಡುವ ಸಾಹೇಬರು ನಕಲನ್ನೂ ಶಾಲೆಯ ಸರ್ಟಿಫಿಕೇಟನ್ನೂ ಅಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು.

"ಇದರಾಗ ಒಂದು ತಾರೀಕು, ಅದರಾಗ ಒಂದು. ಯಾವುದು ಖರೇ?"

"ರಿಜಿಸ್ಟರಿಂದು ಖರೇರಿ ಸಾಹೇಬ್ರ. ಶಾಲಿಯದು ಹೆಡ್‌ಮಾಸ್ತರು ಬರದದ್ದು. ನಮ್ಮ ಕ್ಲಾಸಿನಾಗ ನಲವತ್ತೊಂದು ಮಂದಿಗೂ ಅದೇ ತಾರೀಕು ಅದರಿ."

ಸಾಹೇಬರು ಒಂದು ಗಳಿಗೆ ಅವನನ್ನೇ ನೋಡಿ, ಆಮೇಲೆ ಮೀಸೆಯಲ್ಲಿ ನಕ್ಕರು. "ನಂದೂ ಜೂನ್ ಒಂದು. ಮನ್ಯಾಗ ನಮ್ಮವ್ವ ಇನ್ನೂ ದೀಪಾವಳಿಗೆ ಹುಟ್ಟೀದಿ ಅಂತಾಳ." ಮತ್ತೆ ಅಣವೀರಪ್ಪನ ಕಡೆ ತಿರುಗಿದರು. "ನಿಮ್ಮ ಆಧಾರ್ ಕೊಡ್ರಿ ನೋಡೋಣ."

ಅಣವೀರಪ್ಪ ಕೊಟ್ಟ. ಅದರಲ್ಲಿಯೂ ಜೂನ್ ಒಂದು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ತನ್ವೀರನ ನಗು ಎಲ್ಲರಿಗಿಂತ ಜೋರು.

"ಜೂನ್ ಒಂದಕ್ಕ ಹುಟ್ಟಿದೋರು ಖೊಟ್ಟಿ ಅನ್ನಂಗಿದ್ರ ಈ ಕಚೇರ್ಯಾಗ ಯಾರೂ ಉಳಿಯಂಗಿಲ್ಲ" ಎಂದು ಸಾಹೇಬರು ನಕಲಿನ ಮೇಲೆ ಬೆರಳಿಟ್ಟರು. "ಇದು ಮೂಲ ದಾಖಲೆ. ಹುಟ್ಟಿದ್ದು ಕಲಬುರಗ್ಯಾಗ, ಎಂಬತ್ತೇಳರ ಜುಲೈ ಒಂದಕ್ಕಿಂತ ಮೊದಲು. ಬೇರೆ ದೇಶದ ಕಾಗದ ಏನರೆ ಮಾಡಿಸೀರೇನು?"

"ಇಲ್ರೀ. ಒಮ್ಮೆ ಹೋಗಿದ್ದೆ, ರೊಟ್ಟಿ ಸಿಗಲಿಲ್ಲ, ವಾಪಸ ಬಂದೆ."

ಸಾಹೇಬರು ಕಡತದ ಮೇಲೆ ಎರಡು ಸಾಲು ಬರೆದು ಸಹಿ ಹಾಕಿದರು. ಆಕ್ಷೇಪಣೆ ತಿರಸ್ಕರಿಸಲಾಗಿದೆ. ಗುರುದೇವಿ ಅಲ್ಲೇ ಬೆಂಚಿನ ಮೇಲೆ ಕುಳಿತು, ವಾರದಿಂದ ಹಿಡಿದಿದ್ದ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಗೆ ಬೇವಿನ ಮರದ ಕೆಳಗೆ ಅಣವೀರಪ್ಪ ಕಾಯುತ್ತಿದ್ದ. "ಸಿಟ್ಟಿನಾಗ ಬರದು ಕೊಟ್ಟೆ ದೇವಾ. ಇಷ್ಟು ದೂರ ಹೋಗ್ತದ ಅಂತ ಗೊತ್ತಿದ್ದಿಲ್ಲ. ಜೋಳ ತೊಯ್ದಿತ್ತು, ತಲಿ ಕೆಟ್ಟಿತ್ತು."

ದೇವಾನಂದನಿಗೆ ನಾಲ್ಕು ಮಾತು ಬಿಗಿಯಾಗಿ ಆಡಬೇಕೆಂದಿತ್ತು, ವಾರದಿಂದ ಕೂಡಿಟ್ಟುಕೊಂಡಿದ್ದ ಮಾತು. ಆದರೆ ಹೊಟ್ಟೆ ಎಷ್ಟು ತಣ್ಣಗಾಗಿತ್ತೆಂದರೆ ಒಂದೂ ಬಾಯಿಗೆ ಬರಲಿಲ್ಲ. "ಕಲ್ಲು ಇವತ್ತ ತಗೀತೀನಿ ಕಾಕಾ. ನಾಳಿಗಿ ಇಬ್ಬರೂ ಕೂಡಿ ನಾಲಿ ಆಳ ಮಾಡೋಣ" ಎಂದ.

"ಆತು" ಎಂದ ಅಣವೀರಪ್ಪ.

ಮಂಗಳವಾರ ನಾಲಿ ತೋಡಿದರು. ಬುಧವಾರ ದೇವಾನಂದ ಒಂದು ಇಡೀ ಗೊನೆ ಕೆಂಪು ಬಾಳೆ ಹೊತ್ತುಕೊಂಡು ಖೂಬಾ ಪ್ಲಾಟಿಗೆ ಹೋದ. ಪಂಚಾಂಗವೂ ಜೊತೆಗಿತ್ತು, ಏನಾದರೂ ಬೇಕಾದೀತು ಎಂದು ಸುಮಧ್ವ ಅದನ್ನು ಅವನ ಕೈಗೇ ಕೊಟ್ಟು ಕಳಿಸಿದ್ದ. ಗುರುದೇವಿ ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು.

"ಬಾಯಾರ, ಇದನ್ನ ನಾನೇ ಇಟ್ಕೋಲ್ಯಾ?" ಎಂದು ಕೇಳಿದ. ಕೇಳಬೇಕೆಂದು ಕಮಲಾಪುರದಿಂದಲೂ ಅಂದುಕೊಂಡೇ ಬಂದಿದ್ದ. "ನನ್ನ ಹುಟ್ಟಿಂದು ಇದೊಂದೇ ಅದ ನೋಡ್ರಿ."

ತುಂಗಾಬಾಯಿ ಅವನ ಕೈಯಿಂದ ಪಂಚಾಂಗ ತೆಗೆದುಕೊಂಡರು. ಟ್ರಂಕು ತೆಗೆಸಿ, ಹಳದಿ ವಸ್ತ್ರ ಹರವಿ, ಪ್ಲವಂಗದ ಮೇಲೆ ಮಂಜುಷಾಳದ್ದು, ಅದರ ಮೇಲೆ ಪ್ರಭವ, ಎಲ್ಲಕ್ಕೂ ಮೇಲೆ ಬಹುಧಾನ್ಯ ಇಟ್ಟು, ಸಾವಕಾಶ ಗಂಟು ಕಟ್ಟಿದರು.

"ಮಕ್ಕಳದು ಎಲ್ಲಾ ಒಂದೇ ಕಡೆ ಇರಬೇಕೋ. ನಿನಗ ಬೇಕಾದಾಗ ಮನಿಗೆ ಬಂದು ನೋಡು. ಈಗ ಕೂಡ್ರು, ಚಹಾ ಇಡ್ತಾಳ ಪದ್ಮಜಾ."

ದೇವಾನಂದ ಕುಳಿತ.